ಮೂರು ದಿನ ಯಾರೂ ಸೀನಬಾರದು

ನಮ್ಮಣ್ಣನಿಗೆ ಹುಚ್ಚು ಎಂದು ಮಧುಗಿರಿಯ ಪೇಟೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಹುಚ್ಚರಿಗೆ ಅಮಾವಾಸ್ಯೆ ಹುಣ್ಣಿಮೆಗಳ ನಡುವೆ ಸ್ವಲ್ಪ ಬಿಡುವಾದರೂ ಇರುತ್ತದೆ. ಇವನಿಗೆ ಅದೂ ಇರಲಿಲ್ಲ!

ಹೆಬ್ಬೆರಳುದ್ದದ ಮರದ ಬೊಂಬೆಗಳನ್ನು ಕೆತ್ತಿ, ಬಣ್ಣ ಹಚ್ಚಿ, ಮೇಲೆ ಮೆರುಗೆಣ್ಣೆ ಬಳಿಯುವುದು ಅವನ ಕೆಲಸ. ಹೊಟ್ಟೆಪಾಡಿಗೆ ಬೆಲ್ಲದ ಅಂಗಡಿ ಇತ್ತು, ನಿಜ. ಆದರೆ ಅಲ್ಲಿಗೆ ಬಂದ ಗಿರಾಕಿಗೆ ಬೆಲ್ಲ ಸಿಗುವುದಕ್ಕೆ ಮೊದಲು, "ಅಂಗೇ ನಿಂತ್ಕಳಿ, ಮೂಗು ಅಲ್ಲಾಡಿಸ್‌ಬ್ಯಾಡಿ" ಎಂಬ ಅಪ್ಪಣೆಯಾಗುತ್ತಿತ್ತು. ಹೀಗೆ ನಮ್ಮ ಬೀದಿಗೆ ಬೀದಿಯೇ ಅವನ ಹಲಗೆಯ ಮೇಲೆ ಬಂದು ನಿಂತಿತು. ಗಾಣದವನು, ಬಳೆಗಾರ, ಪಂಚೆ ಎತ್ತಿ ಚರಂಡಿ ದಾಟುವ ಶಾನುಭೋಗರು, ಹಿಂದೆ ಮೊಳದೆತ್ತರದ ಬೆಟ್ಟ, ಬೆಟ್ಟದ ಮೇಲೆ ಕೋಟೆ.

ಕೆತ್ತುವುದು ಹಾಗಿರಲಿ, ಮೆರುಗೆಣ್ಣೆ ಕಾಯಿಸುವ ದಿನ ನೀವು ಬಂದು ನೋಡಬೇಕಿತ್ತು! ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಚಂದ್ರಸವೆಂಬ ಅಂಟನ್ನು ಪುಡಿ ಮಾಡಿ, ಅಗಸೆ ಎಣ್ಣೆಯಲ್ಲಿ ಕುದಿಸುತ್ತಿದ್ದ. ಆ ವಾಸನೆಗೆ ನಮ್ಮ ಬೀದಿಯ ನಾಯಿಗಳು ಕೊರಟಗೆರೆಯ ದಾರಿ ಹಿಡಿಯುತ್ತಿದ್ದವು. ಒಮ್ಮೆ ಅತ್ತಿಗೆಯ ಸೋದರಮಾವ ಹೆಂಡತಿಯೊಡನೆ ಪಾವಗಡದ ಆಚೆಯ ಹೊಸಕೋಟೆಯಿಂದ ಬಂದಿದ್ದರು. ನೆಗಡಿಯಾಗಿದ್ದರಿಂದ ಅವರಿಗೆ ವಾಸನೆ ತಿಳಿಯಲಿಲ್ಲ. ಬೆಲ್ಲದ ಅಂಗಡಿಯವನ ಹಿತ್ತಲಲ್ಲಿ ಕೆಂಪಗೆ ಕುದಿದು ಆರಿರುವುದು ಇನ್ನೇನಾಗಿದ್ದೀತು?

"ಏಮಪ್ಪಾ ಅಲ್ಲುಡು, ಪಾಕ ಹದಕ್ಕೆ ಬಂದೈತಾ?" ಎಂದು ತಮ್ಮ ತೆಲುಗು ಬೆರೆತ ಮಾತಿನಲ್ಲಿ ಅಳಿಯನನ್ನು ಕೇಳುತ್ತಲೇ ಸೌಟಿಗೆ ಬೆರಳು ಸವರಿ ಬಾಯಿಗಿಟ್ಟೇಬಿಟ್ಟರು. ಆಮೇಲೆ ಸಂಜೆಯವರೆಗೆ ಅವರಿಂದ "ಮ್‌... ಮ್‌..." ಬಿಟ್ಟು ಬೇರೆ ಮಾತಿಲ್ಲ!

"ಗಾಬ್ರಿಯಾಗ್‌ಬ್ಯಾಡಿ ಮಾವ, ನಿಮ್ ನಾಲ್ಗೆಗೆ ಇನ್ನು ಹತ್ತು ವರ್ಸ ಗೆದ್ಲು ಹಿಡಿಯಾಕಿಲ್ಲ" ಎಂದ ಅಣ್ಣ. ಮಾವನ ಹೆಂಡತಿ ಊರಿಗೆ ಹೊರಡುವಾಗ ಅವನನ್ನು ಮೂಲೆಗೆ ಕರೆದು ಒಂದು ಸೀಸೆ ಎಣ್ಣೆ ಕೇಳಿದರಂತೆ!

ಇನ್ನು ಬಳಿದದ್ದು ಒಣಗಲು ಮೂರು ದಿನ. ಆ ಮೂರು ದಿನ ಮನೆಯಲ್ಲಿ ಕಸ ಗುಡಿಸುವಂತಿಲ್ಲ, ರಾಗಿ ಕೇರುವಂತಿಲ್ಲ, ಸೀನುವಂತಿಲ್ಲ. ಧೂಳು ಕೂತರೆ ಮೆರುಗು ಹಾಳು. ಸೀನು ಬಂದರೆ ಮೂಗು ಹಿಡಿದು ಬೀದಿಗೆ ಓಡಬೇಕು. ಎದುರುಮನೆಯ ಕಂಬಳಿ ವ್ಯಾಪಾರಿ ಸಿರಾ ಸಂತೆಗೆ ಹೊರಟಾಗಲೆಲ್ಲ ಅತ್ತಿಗೆ ಓಡಿಬಂದು ಅವನೆದುರಿಗೇ "ಆಕ್ಷೀ!" ಅಪಶಕುನವಾಯಿತೆಂದು ಅವನು ಮೂರು ಸಲ ಗಾಡಿ ತಿರುಗಿಸಿದ. ನಾಲ್ಕನೆಯ ಸಲ ನಮ್ಮ ಬಾಗಿಲಿಗೆ ಬಂದು ಕೂಗಿದ: "ಲೇ, ನಿನ್ ಬೊಂಬೆ ಒಣಗೋದ್ರೊಳ್ಗೆ ನನ್ ವ್ಯಾಪಾರ ಒಣಗೋಯ್ತಲ್ಲೋ!"

ಇಂಥವನ ಮನೆಗೆ ಒಂದು ದಿನ ಅಮಲ್ದಾರರು ಬಂದರು. ಹಲಗೆಯ ಮುಂದೆ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. "ನವರಾತ್ರಿಯ ಎರಡನೆಯ ದಿನ ಬೆಳಿಗ್ಗೆ ಮೈಸೂರಿಗೆ ಹೊರಡುತ್ತೇನೆ. ದಸರಾ ವಸ್ತುಪ್ರದರ್ಶನದಲ್ಲಿ ಇದನ್ನು ಇಡಿಸೋಣ" ಎಂದರು. ಜನ್ಮವೆಲ್ಲ "ಬೊಂಬೆ ಹುಚ್ಚ" ಎನ್ನಿಸಿಕೊಂಡ ಅಣ್ಣ ಅಂದು ಊಟ ಮಾಡಲಿಲ್ಲ, ಮರೆತೇಬಿಟ್ಟಿದ್ದ. ಕಡೆಯ ಸಲ ಮೆರುಗೆಣ್ಣೆ ಬಳಿದು, ಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ನನ್ನ ಕೈಗೆ ಕೊಟ್ಟ. "ನೀನೊಬ್ಳೇ ಕಣವ್ವ ನಂಬಿಕಸ್ತೆ."

ಇಲ್ಲಿಂದ ಮುಂದೆ ನಗಿಸುವುದು ನನಗೆ ಕಷ್ಟ. ಮೂರನೆಯ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ತಪ್ಪನ್ನು ಅಂದವಾಗಿ ಹೇಳುವುದನ್ನು ಯಾರೂ ಕಲಿಸಲಿಲ್ಲ.

ನವರಾತ್ರಿಯ ಮೊದಲ ಸಂಜೆ. ಅತ್ತಿಗೆ ರೇಷ್ಮೆ ಸೀರೆಯುಟ್ಟು ಪಕ್ಕದ ಮನೆಯ ಬೊಂಬೆ ಆರತಿಗೆ ಹೋದಳು. ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು, ಬಿಳಿ ಸೀರೆಯುಟ್ಟು ತವರಿಗೆ ಬಂದ ನನ್ನನ್ನು ಅರಿಶಿನ ಕುಂಕುಮಕ್ಕೆ ಯಾರು ಕರೆಯುತ್ತಾರೆ? ಗೋಡೆಯಾಚೆಯಿಂದ ಹಾಡು ಕೇಳುತ್ತಿತ್ತು. ಕೈಯಲ್ಲಿ ಕೀಲಿಕೈ ಇತ್ತು. ನಮ್ಮ ಮನೆಯಲ್ಲೂ ಬೊಂಬೆಗಳಿವೆಯಲ್ಲ, ನನ್ನನ್ನು ತಡೆಯುವವರು ಯಾರು ಎನ್ನಿಸಿತು. ತಟ್ಟೆ ಹಿಡಿದು ಒಳಗೆ ಹೋದೆ. ಊದುಬತ್ತಿಯ ಕಡ್ಡಿಯ ತುದಿಯಿಂದ ಒಂದೊಂದು ಬೊಂಬೆಗೂ ಕುಂಕುಮವಿಟ್ಟೆ. ಆರತಿ ಎತ್ತಿ, ಎರಡು ಕೈಯಿಂದ ಅಕ್ಷತೆ ಹಾಕಿದೆ.

ಮೋಡದ ದಿನಗಳು. ಮೆರುಗೆಣ್ಣೆ ಇನ್ನೂ ಹಸಿಯಾಗಿತ್ತು!

ಅಕ್ಷತೆಯನ್ನು ತೆಗೆಯಹೋದರೆ ಬಣ್ಣವೇ ಕಿತ್ತುಬಂತು. ಶಾನುಭೋಗರ ಮೂಗಿನ ಮೇಲೊಂದು ಅಕ್ಕಿಕಾಳು, ಕೋಟೆಯ ತುಂಬ ಅಕ್ಕಿ, ಎಲ್ಲರ ಹಣೆಯಲ್ಲೂ ಕೆಂಪು. ಅಣ್ಣ ಬಂದು ನೋಡಿದಾಗ ನನ್ನ ಬಾಯಿಂದ ಬಂದದ್ದು ಏನು ಗೊತ್ತೆ? "ಬೆಕ್ಕು ನುಗ್ಬುಟ್ಟಿತ್ತು ಕಣಣ್ಣ!"

ಅವನು ಹಲಗೆಯ ಮುಂದೆ ಬಗ್ಗಿ ನೋಡಿ, "ಬಲು ಆಚಾರದ ಬೆಕ್ಕು ಕಣವ್ವ. ಹಣೆ ನೋಡ್ನೋಡಿ ಕುಂಕುಮ ಇಟ್ಟೈತೆ" ಎಂದ. 

ಬೆಳಿಗ್ಗೆ ಅಮಲ್ದಾರರ ಗಾಡಿ ಬಂದಾಗ, "ಎಣ್ಣೆ ಹದ ನಂಗೇ ತಪ್ಪೋಯ್ತು ಸ್ವಾಮಿ" ಎಂದು ಕೈಮುಗಿದ. ಬೀದಿಯೆಲ್ಲ ನಕ್ಕಿತು. ಒಳಗೆ ಕಂಬ ಹಿಡಿದು ನಿಂತಿದ್ದ ನಾನು ಹೊಸಿಲು ದಾಟಿ "ನಾನೇ ಮಾಡಿದ್ದು" ಎನ್ನಬಹುದಿತ್ತು. ಎನ್ನಲಿಲ್ಲ. ಮರುವರ್ಷದ ಹೊತ್ತಿಗೆ ಆ ಅಮಲ್ದಾರರಿಗೆ ವರ್ಗವಾಗಿತ್ತು. ಇವತ್ತಿಗೂ ನಾನು ಹೇಳಿಲ್ಲ.

ಅದಾದ ಮೇಲೆ ಹದಿನೈದು ದಿನ ಅವನು ಕಿಟಕಿಯ ಬೆಳಕಿಗೆ ಕೂತು, ಜಾಲಿ ಮುಳ್ಳಿನಿಂದ ಅಕ್ಕಿಕಾಳು ಬಿಡಿಸಿದ, ಕುಂಕುಮ ಕೆರೆದು ಹೊಸ ಬಣ್ಣ ಹಚ್ಚಿದ. ಕಡೆಗೆ ಕೈಗೆ ಬಂದದ್ದು ಕೊಡ ಹೊತ್ತ, ಬಿಳಿ ಸೀರೆಯ ಒಂದು ಹೆಣ್ಣುಬೊಂಬೆ. ಸೊಂಟ ಓರೆ ಮಾಡಿ ನಿಂತ ರೀತಿ ನೋಡಿದರೆ ಸಾಕು, ಅದು ಯಾರೆಂದು ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದರ ಹಣೆಯಲ್ಲೂ ನಾನಿಟ್ಟ ಕುಂಕುಮವಿತ್ತು. ಮುಳ್ಳು ಯಾವಾಗ ತಗಲುತ್ತದೋ ಎಂದು ನಾನು ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಂತಿದ್ದೆ.

ಅಣ್ಣ ಮುಳ್ಳನ್ನು ಕೆಳಗಿಟ್ಟ. ಕುಂಚವನ್ನು ಮೆರುಗೆಣ್ಣೆಯಲ್ಲಿ ಅದ್ದಿ, ಆ ಕುಂಕುಮದ ಮೇಲೆ ಮೆಲ್ಲಗೆ ಒಂದು ಸಲ, ಆರಿದ ಮೇಲೆ ಇನ್ನೊಂದು ಸಲ ಬಳಿದ.

"ಅದೊಂದ್ಯಾಕೆ ಅಂಗೇ ಬುಟ್ರಿ?" ಎಂದಳು ಅತ್ತಿಗೆ.

"ಇದ್ಕೆ ಒಪ್ತದೆ. ಇರ್ಲಿ ಬುಡು."