ಹೊರ್ಮುಜ್, ಹೊರಮಾವು ಮತ್ತು ಎರಡು ಬೀರುಗಳ ನಡುವಣ ಚಹಾ ಸಂಚಾರ

ಇಲಾಖೆಯ ಉಪಕಚೇರಿ, ಯಶವಂತಪುರ, ಬೆಂಗಳೂರು
(ಮಾರುಕಟ್ಟೆಯ ಹಿಂಬದಿ. ಈರುಳ್ಳಿ ವಾಸನೆ ಬಂದಲ್ಲಿ ಒಂದು ತಿರುವು ಮುಂದೆ ಬಂದಿರುವಿರೆಂದು ತಿಳಿಯತಕ್ಕದ್ದು.)

ಸಂಖ್ಯೆ: ಯಉಕ/ಚಹಾ/ಇಂಧನ/ಬೀರು/04
ದಿನಾಂಕ: ಮಂಗಳವಾರ, ಮಧ್ಯಾಹ್ನದ ಚಹಾದ ತರುವಾಯ

ಸುತ್ತೋಲೆ

ವಿಷಯ: ಕಚೇರಿಯ ಬೀರುಗಳನ್ನು ಯಾವುದೇ ಕಾರಣಕ್ಕೂ ಸರಿಸದಿರುವ ಬಗ್ಗೆ.

ಉಲ್ಲೇಖ: 1. ಬೀರುಗಳನ್ನು ಕೂಡಲೇ ಸರಿಸುವ ಬಗ್ಗೆ ಇದೇ ಕಚೇರಿಯ ಸುತ್ತೋಲೆ ಸಂಖ್ಯೆ 03.
2. ಅಟೆಂಡರ್ ಶ್ರೀ ಉಮೇಶ್ ಅವರ ಹೊರಮಾವು ಪ್ರವಾಸ ವರದಿ.
3. ಕ್ಯಾಂಟೀನ್ ನಡೆಸುವ ಶ್ರೀಮತಿ ಜಾಹಿದಾ ಅವರು ಬೀರುವಿನ ಮೇಲಿಂದ ನೀಡಿದ ಮೌಖಿಕ ಹೇಳಿಕೆಗಳು.

ಉಲ್ಲೇಖ (1)ರ ಸುತ್ತೋಲೆಯನ್ನು ಸಿಬ್ಬಂದಿಯಲ್ಲಿ ಕೆಲವರು ಪಾಲಿಸಲು ಮುಂದಾಗಿರುವುದು ಇಂದು ಬೆಳಗ್ಗೆ ಕಂಡುಬಂದಿದೆ. ಸುತ್ತೋಲೆಯನ್ನು ಪಾಲಿಸುವ ಪ್ರವೃತ್ತಿ ಈ ಕಚೇರಿಯಲ್ಲಿ ಹಿಂದೆಂದೂ ಕಂಡುಬಂದಿರಲಿಲ್ಲ. ಆದುದರಿಂದ ಅದನ್ನು ಕೂಡಲೇ ತಡೆಯುವುದು ಅವಶ್ಯವೆಂದು ಮನಗಂಡು, ವಿಷಯವನ್ನು ಮೊದಲಿನಿಂದ ವಿವರಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಹೊರ್ಮುಜ್ ಎಂಬುದು ಕೊಲ್ಲಿ ದೇಶಗಳ ಬಳಿಯ ಒಂದು ಕಿರಿದಾದ ಸಮುದ್ರದಾರಿ. ಎಣ್ಣೆ ಮತ್ತು ಅಡುಗೆ ಅನಿಲದ ಹಡಗುಗಳು ಅದರ ಮೂಲಕ ಬರುತ್ತವೆ. ಅಲ್ಲಿ ಯುದ್ಧದ ಮಾತು ಎದ್ದರೆ ಇಲ್ಲಿ ಸಿಲಿಂಡರ್ ನಿಧಾನವಾಗುತ್ತದೆ. ಹೊರಮಾವು ಎಂಬುದು ಹೆಬ್ಬಾಳದಿಂದ ರಿಂಗ್ ರಸ್ತೆ ಹಿಡಿದು ಹೋದರೆ ಸಿಗುವ ಬಡಾವಣೆ. ಅಲ್ಲಿ ಹಡಗುಗಳಿಲ್ಲ. ಎರಡೂ ಬೇರೆ ಬೇರೆ ಸ್ಥಳಗಳೆಂದು ಈ ಮೂಲಕ ಖಚಿತಪಡಿಸಲಾಗಿದೆ. (ಭೂಪಟದಲ್ಲಿ ಎರಡು ಬಾರಿ ನೋಡಲಾಗಿದೆ. ಎರಡನೆಯ ಬಾರಿಯೂ ಬೇರೆಯಾಗಿಯೇ ಇದ್ದವು.)

2. ಕ್ಯಾಂಟೀನಿಗೆ ಸಿಲಿಂಡರ್ ಏಕೆ ಬಂದಿಲ್ಲವೆಂದು ವಿಚಾರಿಸಿದಾಗ, ಏಜೆನ್ಸಿಯವರು ದೂರವಾಣಿಯಲ್ಲಿ "ಎಲ್ಲಾ ಹೊರ್ಮುಜ್‌ನಲ್ಲಿ ಸಿಕ್ಕಾಕ್ಕೊಂಡೈತೆ" ಎಂದು ತಿಳಿಸಿರುತ್ತಾರೆ. ಆ ಸಮಯದಲ್ಲಿ ಹೊರಗೆ ಲಾರಿಯೊಂದು ಹಾರ್ನ್ ಮಾಡುತ್ತ ಹಿಂದಕ್ಕೆ ಬರುತ್ತಿದ್ದುದರಿಂದ ಕಚೇರಿಗೆ ಅದು ಹೊರಮಾವು ಎಂದು ಕೇಳಿಸಿತು. ಸಿಕ್ಕಿಕೊಂಡ ಸಿಲಿಂಡರನ್ನು ಬಿಡಿಸಿಕೊಂಡು ಬರಲು ಶ್ರೀ ಉಮೇಶ್ ಅವರನ್ನು ಕಚೇರಿಯ ಜೀಪಿನಲ್ಲಿ ಹೊರಮಾವಿಗೆ ಕಳುಹಿಸಲಾಯಿತು. ಅವರು ಸಂಜೆಯವರೆಗೆ ರೈಲ್ವೆ ಗೇಟಿನ ಬಳಿ ಕಾದು, "ಇಲ್ಲಿ ಜಾಮ್ ಇದೆ ಸಾರ್, ಆದ್ರೆ ಯುದ್ಧ ಅಂತ ಯಾರೂ ಹೇಳ್ತಿಲ್ಲ" ಎಂದು ವರದಿ ಮಾಡಿರುತ್ತಾರೆ. ವರದಿಯನ್ನು ಅಂಗೀಕರಿಸಲಾಗಿದೆ. ಒಂದು ಸಿಲಿಂಡರ್ ಅನಿಲ ತರಲು ವ್ಯಯವಾದ ಡೀಸೆಲ್ ಬಗ್ಗೆ ಯಾರೂ ಯಾರನ್ನೂ ಕೇಳತಕ್ಕದ್ದಲ್ಲ.

3. ಇದಾದ ಮೇಲೆ ಮೇಲ್ಕಚೇರಿಯಿಂದ ಪತ್ರವೊಂದು ಬಂದಿತು. ಹಡಗಿನಲ್ಲಿ ಬರದ ಇಂಧನವನ್ನು ಉಪಕಚೇರಿಯು ತಾನೇ ಆಯ್ಕೆ ಮಾಡಿಕೊಳ್ಳಬೇಕು; ಸೋಮವಾರ ಹನ್ನೊಂದು ಗಂಟೆಗೆ ಪರಿವೀಕ್ಷಣಾಧಿಕಾರಿಗಳು ಬರುವಾಗ ಆ ಇಂಧನದಲ್ಲಿ ಕಾಯಿಸಿದ ಚಹಾ ಸಿದ್ಧವಿರಬೇಕು; ಇಲ್ಲದಿದ್ದಲ್ಲಿ ಕ್ಯಾಂಟೀನ್ ಮುಚ್ಚಿ, ಆ ಕೋಣೆಯಲ್ಲಿ ಗುಂಡಿ ಒತ್ತಿದರೆ ಚಹಾ ಬರುವ ಯಂತ್ರವನ್ನು ಇರಿಸಲಾಗುವುದು ಎಂಬುದು ಅದರ ಸಾರಾಂಶ. ಮುನ್ನೆಚ್ಚರಿಕೆಯಾಗಿ ಯಂತ್ರವನ್ನೂ ಅಂದೇ ಕಳುಹಿಸುವುದಾಗಿ ತಿಳಿಸಲಾಗಿತ್ತು. ಪತ್ರವನ್ನು ಓದಿ ಹೇಳಿದಾಗ ಶ್ರೀಮತಿ ಜಾಹಿದಾ ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಯುದ್ಧ ನಾನ್ ಮಾಡಿಸ್ದೆನಾ ಸಾರ್? ಈ ರೂಮ್ ಹೋದ್ರೆ ನಂಗೆ ಬೇರೆ ಜಾಗ ಇಲ್ಲ. ಮೆಷೀನ್‌ಗೇನು, ಎಲ್ಲಾದ್ರೂ ಒಂದು ಪ್ಲಗ್ ಸಿಗತ್ತೆ." ಹೇಳಿಕೆಯನ್ನು ಪತ್ರದ ಜೊತೆ ಕಡತಕ್ಕೆ ಸೇರಿಸಿ, ಇಂಧನ ಹುಡುಕಲು ಆರಂಭಿಸಲಾಯಿತು.

4. ಸೌರಶಕ್ತಿ: ತಾರಸಿಯ ಮೇಲೆ ಸೌರ ಒಲೆಯನ್ನು ಇರಿಸಿ ಪರೀಕ್ಷಿಸಲಾಯಿತು. ಒಲೆಯ ಮೇಲೆ ಸಿಬ್ಬಂದಿಯ ನೆರಳು ಬೀಳದಂತೆ ನೋಡಿಕೊಳ್ಳಲು ಸೂಚಿಸಲಾಗಿದ್ದರೂ, ಚಹಾ ಕಾಯುತ್ತಿದೆಯೇ ಎಂದು ಪ್ರತಿಯೊಬ್ಬರೂ ಬಗ್ಗಿ ನೋಡಿದ್ದರಿಂದ ಒಲೆಗೆ ಬಿಸಿಲು ತಲುಪಲಿಲ್ಲ. ತಾರಸಿಗೆ ನೆರಳಿಲ್ಲದ ಸಿಬ್ಬಂದಿಯನ್ನು ಮಾತ್ರ ಕಳುಹಿಸಲು ಅರ್ಜಿ ಆಹ್ವಾನಿಸಲಾಯಿತು. ಅರ್ಹರು ದೊರೆಯಲಿಲ್ಲ. ಬೆಳಗ್ಗೆ ಇಟ್ಟ ಚಹಾ ಸಂಜೆ ಉಗುರುಬೆಚ್ಚಗಾಯಿತು. ಮೋಡ ಬಂದ ದಿನ ತಣ್ಣಗಿನದು ಇನ್ನೂ ತಣ್ಣಗಾಗಿರುತ್ತದೆ.

5. ವಿದ್ಯುಚ್ಛಕ್ತಿ: ಲೆಕ್ಕ ಶಾಖೆಯ ಅಧೀಕ್ಷಕ ಶ್ರೀ ರಹಮತುಲ್ಲಾ ಅವರು ತಮ್ಮ ಮನೆಯ ಇಂಡಕ್ಷನ್ ಒಲೆಯನ್ನು ತಂದುಕೊಟ್ಟಿರುತ್ತಾರೆ. ಶ್ರೀಮತಿ ಜಾಹಿದಾ ಅವರ ಅಲ್ಯೂಮಿನಿಯಂ ಪಾತ್ರೆಯನ್ನು ಗುರುತಿಸಲು ಒಲೆಯು ನಿರಾಕರಿಸಿತು. ಪಾತ್ರೆಯ ಬಗ್ಗೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಪಡೆದು ಒಲೆಯ ಮುಂದೆ ಇರಿಸಲಾಯಿತು. ಆದಾಗ್ಯೂ ಅದು ಕುಂಯ್ಗುಟ್ಟಿತು. ಸ್ಟೀಲ್ ಪಾತ್ರೆ ಇಟ್ಟಾಗ ಒಪ್ಪಿಕೊಂಡಿತಾದರೂ, ವೈರನ್ನು ಕಡತ ಶಾಖೆಯ ಪ್ಲಗ್ಗಿನಿಂದ ಎಳೆದಿದ್ದ ಕಾರಣ ಆ ಶಾಖೆಯ ಫ್ಯಾನು, ದೀಪ ಹಾಗೂ ಫ್ಯೂಸು ಒಟ್ಟಿಗೆ ಹೋದವು.

6. ಮರದ ಹೊಟ್ಟು: ಕಡತ ಶಾಖೆಯ ಅಧೀಕ್ಷಕಿ ಶ್ರೀಮತಿ ಶಶಿರೇಖಾ ಅವರು, ಹೊಟ್ಟಿನ ಒಲೆಯೇ ಸ್ವದೇಶಿ, ಹೊಟ್ಟು ಆರ್.ಟಿ. ನಗರದ ಮರದ ಅಂಗಡಿಯಲ್ಲಿ ಮೂಟೆಗಟ್ಟಲೆ ಸಿಗುತ್ತದೆ, ಅದಕ್ಕೆ ಯಾವ ಸಮುದ್ರವನ್ನೂ ದಾಟಬೇಕಿಲ್ಲ ಎಂದು ಟಿಪ್ಪಣಿ ಮಂಡಿಸಿರುತ್ತಾರೆ. ಹೊಗೆಯಿಂದ ಹಳೆಯ ಕಡತಗಳ ಹುಳು ಸಾಯುತ್ತದೆ ಎಂಬುದು ಅವರ ಹೆಚ್ಚುವರಿ ವಾದ. ಹೊಗೆ ಲೆಕ್ಕ ಶಾಖೆಗೂ ಹೋಯಿತು. ಅಲ್ಲಿ ಮೂರು ಎಂಟರಂತೆ ಕಂಡು, ಮಧ್ಯಾಹ್ನದೊಳಗೆ ಇಲಾಖೆ ಶ್ರೀಮಂತವಾಯಿತು.

7. ಮೇಲಿನ ಎರಡು ಇಂಧನಗಳ ಕಾರಣ ಎರಡು ಶಾಖೆಗಳ ನಡುವೆ ಉದ್ವಿಗ್ನ ಸ್ಥಿತಿ ತಲೆದೋರಿತು. ಕ್ಯಾಂಟೀನಿಗೆ ಇರುವುದು ಒಂದೇ ಓಣಿ. ಅದರ ಎಡಕ್ಕೆ ಲೆಕ್ಕ ಶಾಖೆಯ ಬೀರು, ಬಲಕ್ಕೆ ಕಡತ ಶಾಖೆಯ ಬೀರು. ಹೊಗೆ ಬಾರದಂತೆ ಲೆಕ್ಕ ಶಾಖೆಯು ತನ್ನ ಬೀರುವನ್ನು ಓಣಿಯೊಳಕ್ಕೆ ತಳ್ಳಿತು. ಒಲೆಯ ವೈರು ಹಾಯದಂತೆ ಕಡತ ಶಾಖೆಯೂ ತನ್ನದನ್ನು ತಳ್ಳಿತು. ತಾವು ತಳ್ಳಿಲ್ಲವೆಂದೂ ಬೀರುಗಳು ತಾವಾಗಿಯೇ ಸರಿದಿವೆಯೆಂದೂ ಎರಡೂ ಕಡೆಯವರು ಲಿಖಿತವಾಗಿ ತಿಳಿಸಿರುವುದರಿಂದ, ಬೀರುಗಳಿಗೆ ನೋಟಿಸು ನೀಡಲಾಗಿದೆ. ಉತ್ತರ ಬಂದಿಲ್ಲ.

ಓಣಿಯ ಅಗಲವು ಕ್ಯಾಂಟೀನಿನ ಟ್ರೇಗೆ ಸಮವಾಯಿತು. ಚಹಾ ಹೊರಬರುವುದು ಕಷ್ಟವಾಗಿ ಅರ್ಧ ಲೋಟದ ಪದ್ಧತಿ ಬಂದಿತು. ಬೈಟು ಹೋಗಿ ಬೈ ಫೋರ್ ಆಯಿತು. ವಿದೇಶಾಂಗ ವಿಷಯಗಳ ವಿಶ್ಲೇಷಣೆಯನ್ನು ತಲಾ ನಾಲ್ಕು ಗುಟುಕಿಗೆ ಮಿತಿಗೊಳಿಸಲಾಯಿತು. ಐದನೆಯ ಗುಟುಕಿಗೂ ಕಚ್ಚಾ ತೈಲದ ಬಗ್ಗೆ ಮಾತನಾಡುತ್ತಿದ್ದ ಇಬ್ಬರು ಸಿಬ್ಬಂದಿಯ ಲೋಟಗಳನ್ನು ಪರಿಶೀಲಿಸಿದಾಗ ಅವು ಬಹಳ ಹೊತ್ತಿನಿಂದ ಖಾಲಿ ಇದ್ದುದು ಬೆಳಕಿಗೆ ಬಂದಿದೆ.

8. ಶನಿವಾರ ಶ್ರೀಮತಿ ಜಾಹಿದಾ ಅವರು ಸ್ಟೂಲಿನ ಮೇಲೆ ಹತ್ತಿ, ಬೀರುಗಳ ಮೇಲಿಂದ ಮುಖ ತೋರಿಸಿ, ಎರಡೂ ಶಾಖೆಗಳನ್ನು ಉದ್ದೇಶಿಸಿ ಹೀಗೆ ಹೇಳಿರುತ್ತಾರೆ: "ರಹಮತ್ ಭಾಯ್, ಶಶಿ ಮೇಡಂ, ನಿಮ್ಗೆ ಯಾವ್ ಒಲೆ ಗೆಲ್ತು ಅನ್ನೋದು ಬೇಕು. ನಂಗೆ ಸೋಮವಾರ ಹನ್ನೊಂದಕ್ಕೆ ಚಾ ಬೇಕು, ಅಷ್ಟೇ. ಚಾಗೆ ಯಾವ್ ಪಾರ್ಟಿನೂ ಇಲ್ಲ." ತದನಂತರ ಎರಡೂ ಶಾಖೆಗಳವರು ತಮ್ಮ ತಮ್ಮ ಕಡತಗಳನ್ನು ತೆರೆದು, ಕೆಲಸದಲ್ಲಿ ತೊಡಗಿರುವಂತೆ ಕಂಡುಬಂದರು.

9. ಫಲವಾಗಿ, ಹಾಲನ್ನು ವಿದ್ಯುತ್ತಿನಲ್ಲಿಯೂ ಡಿಕಾಕ್ಷನ್ನನ್ನು ಹೊಟ್ಟಿನಲ್ಲಿಯೂ ಕಾಯಿಸಿ, ಎರಡನ್ನೂ ತಟಸ್ಥ ಪಾತ್ರೆಯೊಂದರಲ್ಲಿ ಬೆರೆಸುವ ಸಂಯುಕ್ತ ಚಹಾ ಒಡಂಬಡಿಕೆ ಏರ್ಪಟ್ಟಿತು. ಸಕ್ಕರೆ ಯಾರ ಕಡೆಯದೆಂಬುದನ್ನು ಮುಂದಿನ ಸಭೆಗೆ ಕಾಯ್ದಿರಿಸಲಾಗಿದೆ. ಬೀರುಗಳನ್ನು ಕೂಡಲೇ ಸರಿಸುವಂತೆ ಅಂದೇ ಸುತ್ತೋಲೆ 03 ಹೊರಡಿಸಲಾಯಿತು. "ಮೊದಲು ಅವರು ಸರಿಸಲಿ" ಎಂದು ಉಭಯ ಶಾಖೆಗಳೂ ಒಂದೇ ವಾಕ್ಯದಲ್ಲಿ, ಒಂದೇ ಕಾಗುಣಿತ ತಪ್ಪಿನೊಂದಿಗೆ ಉತ್ತರಿಸಿದವು.

10. ಸೋಮವಾರ ನಡೆದದ್ದು ಇಷ್ಟು. ಹನ್ನೊಂದಕ್ಕೆ ಸ್ವಲ್ಪ ಮುಂಚೆ ಫ್ಯೂಸು ಹೋಗಿ ಹಾಲು ಅರ್ಧಕ್ಕೆ ನಿಂತಿತು. ಪರಿವೀಕ್ಷಣಾಧಿಕಾರಿಗಳು ಹನ್ನೊಂದಕ್ಕೆ ಸರಿಯಾಗಿ ಬಂದರು. ಈ ಬಗ್ಗೆ ಇಲಾಖೆ ಇನ್ನೂ ಆಶ್ಚರ್ಯದಿಂದ ಹೊರಬಂದಿಲ್ಲ. ಚಹಾ ಇರಲಿಲ್ಲ. ಅವರು ಗಡಿಯಾರ ನೋಡಿ, ಯಂತ್ರವನ್ನು ಒಳಗೆ ತರಲು ಆದೇಶಿಸಿದರು. ಶ್ರೀಮತಿ ಜಾಹಿದಾ ಅವರು ಹಾಲಿನ ಪಾತ್ರೆಯನ್ನು ಎತ್ತಿ ಹೊಟ್ಟಿನ ಒಲೆಯ ಮೇಲೆ ಇಟ್ಟರು.

ಯಂತ್ರ ಟೆಂಪೊದಿಂದ ಇಳಿದು, ಮೆಟ್ಟಿಲು ಹತ್ತಿ, ಓಣಿಯ ಬಾಯಿಗೆ ಬಂದು ನಿಂತಿತು. ಮುಂದೆ ಹೋಗಲಿಲ್ಲ. ಅಡ್ಡ ಹಿಡಿದರೂ ಹೋಗಲಿಲ್ಲ. ಮಲಗಿಸಬಾರದೆಂದು ಅದರ ಮೈಮೇಲೆಯೇ ಬರೆದಿತ್ತು. ಬೀರುವನ್ನು ಒಂಚೂರು ಸರಿಸಿಕೊಡಿ ಎಂದು ಯಂತ್ರದವರು ವಿನಂತಿಸಿದರು. ಆಗ ಶ್ರೀ ರಹಮತುಲ್ಲಾ ಅವರು ತಮ್ಮ ಶಾಖೆಯ ಬೀರುವಿಗೆ ಬೆನ್ನು ಕೊಟ್ಟು ನಿಂತು, "ಇದ್ರೊಳ್ಗೆ ಆಡಿಟ್ ಫೈಲ್ ಐತೆ ಗುರು. ಸರಿಸಿದ್ರೆ ಬಾಗಿಲು ತೆಗೆಯತ್ತೆ. ತೆಗೆದ್ರೆ ಯಾರಾದ್ರೂ ಓದ್ಬೇಕಾಗತ್ತೆ" ಎಂದರು. ಶ್ರೀಮತಿ ಶಶಿರೇಖಾ ಅವರೂ ತಮ್ಮ ಬೀರುವಿಗೆ ಒರಗಿ, "ನಮ್ದೂ ಅದೇ ಕಣ್ರೀ" ಎಂದರು. ಈ ಇಬ್ಬರೂ ಒಂದೇ ಅಭಿಪ್ರಾಯ ವ್ಯಕ್ತಪಡಿಸಿರುವುದು ಇದೇ ಪ್ರಥಮ. ಶ್ರೀ ಉಮೇಶ್ ಅವರು ಯಂತ್ರದವರಿಗೆ ನೆರವಾಗಲು ಟೇಪು ತಂದು, ಓಣಿಯನ್ನು ಬಹಳ ನಿಧಾನವಾಗಿ, ಹಲವು ಸಲ ಅಳೆದರು.

ಅಷ್ಟರಲ್ಲಿ ಚಹಾ ಕುದಿಯಿತು. ಟ್ರೇ ಓಣಿಯಿಂದ ಹೊರಬಂದಿತು. ಅಧಿಕಾರಿಗಳು ಯಂತ್ರಕ್ಕೆ ಒರಗಿಕೊಂಡು ಒಂದು ಲೋಟ ಕುಡಿದರು. ಶುಂಠಿ ಹಾಕಿದ್ದೀರಾ ಎಂದು ಕೇಳಿ ಇನ್ನೊಂದು ಕುಡಿದರು. ಬಳಿಕ ತಮ್ಮ ವರದಿಯಲ್ಲಿ, "ಯಂತ್ರಕ್ಕೆ ಸ್ಥಳಾವಕಾಶವಿರುವುದಿಲ್ಲ. ಚಹಾ ಲಭ್ಯವಿದೆ. ಬೀರುಗಳು ಇರುವವರೆಗೆ ಕ್ಯಾಂಟೀನ್ ಮುಂದುವರಿಯಬಹುದು" ಎಂದು ಬರೆದು ಸಹಿ ಮಾಡಿರುತ್ತಾರೆ. ಯಂತ್ರವನ್ನು ಹಿಂದಕ್ಕೆ ಕಳುಹಿಸಲಾಗಿದೆ.

11. ಈ ಹಿನ್ನೆಲೆಯಲ್ಲಿ ಸುತ್ತೋಲೆ 03ನ್ನು ಹೊರಡಿಸಿಯೇ ಇಲ್ಲವೆಂಬಂತೆ ರದ್ದುಪಡಿಸಿ, ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಓಣಿಯ ಅಗಲ ಒಂದು ಟ್ರೇ ಎಂದು ನಿಗದಿಪಡಿಸಲಾಗಿದೆ. ಪ್ರತಿದಿನ ಬೆಳಗ್ಗೆ ಶ್ರೀಮತಿ ಜಾಹಿದಾ ಅವರು ಟ್ರೇ ಹಾಯಿಸಿ ನೋಡತಕ್ಕದ್ದು. ಲೋಟಗಳಿರುವ ಟ್ರೇಯಿಂದಲೇ ಅಳೆಯತಕ್ಕದ್ದು.

(ಆ) ಹೊರಬರುವ ಚಹಾಕ್ಕೆ ಒಳಹೋಗುವ ಅಧಿಕಾರಿಗಿಂತ ಆದ್ಯತೆ ಇರುತ್ತದೆ. ಓಣಿಯ ಮಧ್ಯೆ ಎದುರುಬದುರಾದಲ್ಲಿ ಹುದ್ದೆಯಲ್ಲಿ ಹಿರಿಯರಾದವರು ಹಿಮ್ಮುಖವಾಗಿ ನಡೆಯತಕ್ಕದ್ದು. ಇಬ್ಬರೂ ಹಿರಿಯರಾದಲ್ಲಿ ನಿವೃತ್ತಿಗೆ ಹತ್ತಿರವಿರುವವರು ಕಾಯತಕ್ಕದ್ದು.

(ಇ) ಓಣಿಯಲ್ಲಿ ಸಿಕ್ಕಿಕೊಂಡ ಸಿಬ್ಬಂದಿಯನ್ನು ಕರ್ತವ್ಯದ ಮೇಲೆ ಇರುವರೆಂದು ಪರಿಗಣಿಸಲಾಗುವುದು. ಇದಕ್ಕಾಗಿ ಬೇಕೆಂದೇ ಸಿಕ್ಕಿಕೊಳ್ಳುವುದನ್ನು ನಿಷೇಧಿಸಲಾಗಿದೆ. ಇಂದು ಮಧ್ಯಾಹ್ನದೊಳಗೆ ಇಂತಹ ನಾಲ್ಕು ಪ್ರಕರಣಗಳು ವರದಿಯಾಗಿವೆ.

(ಈ) ದಸರಾ ಸಮಯದಲ್ಲಿ ಬೀರುಗಳಿಗೆ ಇದ್ದಲ್ಲಿಯೇ ಪೂಜೆ ಸಲ್ಲಿಸತಕ್ಕದ್ದು. ಬೀರುವಿನ ಕೆಳಗೆ ಬಿದ್ದ ಪೆನ್ನು, ನಾಣ್ಯ ಇತ್ಯಾದಿಗಳನ್ನು ಇಲಾಖೆಗೆ ದಾನ ಮಾಡಿದಂತೆ ಭಾವಿಸಲಾಗುವುದು.

(ಉ) ಯಾವ ಒಲೆಯಲ್ಲಿ ಚಹಾ ಕಾಯಿಸಬೇಕೆಂಬುದು ಇನ್ನು ಮುಂದೆ ಶ್ರೀಮತಿ ಜಾಹಿದಾ ಅವರ ವಿವೇಚನೆಗೆ ಬಿಟ್ಟದ್ದು. ಈ ವಿಷಯದಲ್ಲಿ ಸಲಹೆ ನೀಡಬಯಸುವ ಸಿಬ್ಬಂದಿ ತಮ್ಮ ಸಲಹೆಯನ್ನು ಮೂರು ಪ್ರತಿಗಳಲ್ಲಿ ತಮ್ಮಲ್ಲಿಯೇ ಇಟ್ಟುಕೊಳ್ಳತಕ್ಕದ್ದು.

12. ಹೊರ್ಮುಜ್ ದಾರಿ ಸುಗಮವಾಗಿ, ಎಣ್ಣೆಯ ಬೆಲೆ ಇಳಿದು, ಸಿಲಿಂಡರ್ ಸಕಾಲಕ್ಕೆ ಬರುವಂತಾದಲ್ಲಿ ಇಲಾಖೆಯು ಅದನ್ನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತದೆ. ಆದರೆ ವಿಶ್ವಶಾಂತಿಯನ್ನು ಬೀರು ಸರಿಸಲು ಸಕಾರಣವೆಂದು ಪರಿಗಣಿಸಲಾಗುವುದಿಲ್ಲ. ಈ ಷರತ್ತು ಸ್ವಲ್ಪ ಕಠಿಣವಾಯಿತೇ ಎಂಬ ಅನುಮಾನ ಉಂಟಾಗಿ, ಕರಡನ್ನು ಮತ್ತೊಮ್ಮೆ ಓದಲಾಯಿತು. ಕಠಿಣವಾಗಿಯೇ ಇದೆ. ಹಾಗೆಯೇ ಬಿಡಲಾಗಿದೆ.

ಈ ಸುತ್ತೋಲೆಯನ್ನು ಓದಿದವರು ಓದಿದ್ದೇವೆಂದು ಸಹಿ ಮಾಡತಕ್ಕದ್ದು. ಓದದವರೂ ಎಂದಿನಂತೆ ಸಹಿ ಮಾಡಬಹುದು.

ಸಹಿ/-
(ದಾಸಪ್ಪ)
ಕಚೇರಿ ವ್ಯವಸ್ಥಾಪಕರು (ಪ್ರಭಾರ)
ಯಶವಂತಪುರ ಉಪಕಚೇರಿ

ಪ್ರತಿಗಳು:

1. ಮೇಲ್ಕಚೇರಿಗೆ, ಮಾಹಿತಿಗಾಗಿ, ಮರು ಪರಿವೀಕ್ಷಣೆಗೆ ಬರುವುದಾದಲ್ಲಿ ಚಹಾಕ್ಕೆ ಸುಸ್ವಾಗತ.
2. ಚಹಾ ಯಂತ್ರದ ಸರಬರಾಜುದಾರರಿಗೆ, ಓಣಿಯ ಅಳತೆಯೊಂದಿಗೆ. ಇದಕ್ಕಿಂತ ತೆಳ್ಳನೆಯ ಯಂತ್ರ ತಯಾರಾದಲ್ಲಿ ಈ ಕಚೇರಿಗೆ ತಿಳಿಸುವ ಅಗತ್ಯವಿರುವುದಿಲ್ಲ.
3. ಹೊರಮಾವು ರೈಲ್ವೆ ಗೇಟಿನ ಬಳಿಯ ಎಳನೀರು ವ್ಯಾಪಾರಿಗೆ, ಶ್ರೀ ಉಮೇಶ್ ಅವರಿಗೆ ಇಡೀ ದಿನ ನೆರಳು ಒದಗಿಸಿದ್ದಕ್ಕಾಗಿ ವಂದನೆಗಳೊಂದಿಗೆ.
4. ಅಧೀಕ್ಷಕರು, ಲೆಕ್ಕ ಶಾಖೆ. ಅಧೀಕ್ಷಕಿ, ಕಡತ ಶಾಖೆ. ಇಬ್ಬರಿಗೂ ಸೇರಿ ಒಂದೇ ಪ್ರತಿ. ಹಂಚಿಕೊಳ್ಳುವುದು.
5. ಎರಡು ಬೀರುಗಳಿಗೆ, ತಲಾ ಒಂದರಂತೆ ಅಂಟಿಸಲಾಗಿದೆ.
6. ರಕ್ಷಾ ಕಡತಕ್ಕೆ. (ರಕ್ಷಾ ಕಡತ ಎಡಗಡೆಯ ಬೀರುವಿನಲ್ಲಿದ್ದು, ಬಾಗಿಲು ತೆಗೆಯಲು ಬೀರುವನ್ನು ಸರಿಸಬೇಕಾಗಿರುವುದರಿಂದ ಸದ್ಯಕ್ಕೆ ಮೇಲೆ ಇಡಲಾಗಿದೆ.)
7. ಶ್ರೀಮತಿ ಜಾಹಿದಾ, ಕ್ಯಾಂಟೀನ್. ಅವರ ಕೈ ಬಿಡುವಿಲ್ಲದ ಕಾರಣ ಓದಿ ಹೇಳಲಾಗಿದೆ. ಕೊನೆಯವರೆಗೂ ಕೇಳಿ, "ಸರಿ ಸಾರ್, ಖಾಲಿ ಲೋಟ ವಾಪಸ್ ಕೊಡಿ, ನಾಳೆಗೂ ಬೇಕು" ಎಂದಿರುತ್ತಾರೆ. ಕೊಡಲಾಗಿದೆ.