ಅಲುಗಾಡಿದರೆ ಉರಿಯುವ ದೀಪ

ಹೆದರಿಕೆಯನ್ನು ಒಪ್ಪಿಕೊಳ್ಳುವುದಕ್ಕೂ ಧೈರ್ಯ ಬೇಕು. ಅದು ನನ್ನಲ್ಲಿಲ್ಲದ್ದರಿಂದ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನನಗೆ ಕತ್ತಲೆಂದರೆ ಭಯ. ಐವತ್ತು ದಾಟಿದ, ಮೀಸೆ ಬಿಟ್ಟ, ಕಚೇರಿಯಲ್ಲಿ ಮ್ಯಾನೇಜರ್ ಎನಿಸಿಕೊಂಡ ಮನುಷ್ಯ ಹೇಳುವ ಮಾತಲ್ಲ ಇದು. ಅದೂ ಕೊಳ್ಳೇಗಾಲದವನು. ಮೈಸೂರಿನ ಮದುವೆ ಮನೆಗಳಲ್ಲಿ ನನ್ನ ಊರಿನ ಹೆಸರು ಕೇಳಿದೊಡನೆ ಪಕ್ಕದವರು ತಮ್ಮ ಎಲೆಯನ್ನು ಕೊಂಚ ಆಚೆ ಸರಿಸಿಕೊಂಡು, ಮಾಟಮಂತ್ರ ಗೊತ್ತೇ ಎಂದು ನಯವಾಗಿ ವಿಚಾರಿಸುತ್ತಾರೆ. ನಾನು ಗಂಭೀರವಾಗಿ ನಕ್ಕು ಸುಮ್ಮನಾಗುತ್ತೇನೆ. ಮನೆಯಲ್ಲಿ ಕರೆಂಟು ಹೋದಾಗ ಇದೇ ಮಾಂತ್ರಿಕ ಅಡುಗೆಮನೆಯಲ್ಲಿರುವ ಹೆಂಡತಿಯನ್ನು ಕೂಗಿ, ನಾಳೆ ಏನು ತಿಂಡಿ, ಸೋಪು ಮುಗಿದಿದೆಯೇ, ಯಳಂದೂರಿನ ನಿಮ್ಮಣ್ಣ ಹೇಗಿದ್ದಾರೆ ಎಂದು ಒಂದೇ ಸಮನೆ ಮಾತಾಡಿಸುತ್ತಾನೆ. ಆಕೆ ಅದನ್ನು ಪ್ರೀತಿ ಎಂದುಕೊಂಡಿದ್ದಾಳೆ.

ಇಂಥ ನನ್ನ ಮೇಲೆ ನಗರಸಭೆಯ ವಿದ್ಯುತ್ ಉಳಿತಾಯದ ಯೋಜನೆ ಬಂದು ಬಿತ್ತು. ಊರಿನ ಹೊಸ ಕಟ್ಟಡಗಳಿಗೆಲ್ಲ ಗಾಳಿ ಬೆಳಕು ಧಾರಾಳವಾಗಿ ಬರಬೇಕು, ತಾರಸಿಯ ಮೇಲೆ ಸೋಲಾರ್ ಇರಬೇಕು, ಜನಕ್ಕೆ ಹೇಳುವ ಮೊದಲು ನಮ್ಮ ಕಚೇರಿಯೇ ಮಾದರಿಯಾಗಬೇಕು ಎಂದು ಹೊಸದಾಗಿ ಬಂದ ಕಮಿಷನರ್ ಮೇಡಂ ತೀರ್ಮಾನಿಸಿದರು. ಸೋಲಾರ್ ಬಂತು, ನಾನು ಚಪ್ಪಾಳೆ ತಟ್ಟಿದೆ. ಅದರ ಹಿಂದೆಯೇ ಸೆನ್ಸರ್ ದೀಪಗಳು ಬಂದವು. ಮನುಷ್ಯ ಅಲುಗಾಡಿದರೆ ಹೊತ್ತಿಕೊಳ್ಳುತ್ತವೆ, ಸುಮ್ಮನಿದ್ದರೆ ಯಾರೂ ಇಲ್ಲವೆಂದುಕೊಂಡು ಆರಿಹೋಗುತ್ತವೆ. ಸರ್ಕಾರಿ ಕಚೇರಿಯಲ್ಲಿ ಇಂಥ ದೀಪ ಹಾಕುವುದು ಸಿಬ್ಬಂದಿಗೆ ಮಾಡುವ ಅವಮಾನ ಎಂದು ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಳೆಯ ಕಟ್ಟಡ ನಕ್ಷೆಗಳನ್ನಿಟ್ಟಿರುವ ರೆಕಾರ್ಡ್ ರೂಮಿಗೆ ಕಿಟಕಿಯೇ ಇಲ್ಲ, ಅಲ್ಲಿಗೆ ದಿನವೂ ಹೋಗಬೇಕಾದವನು ನಾನು.

ಮೊದಲ ದಿನವೇ ನಕ್ಷೆಯೊಂದನ್ನು ಬಿಡಿಸಿ ಓದುತ್ತ ನಿಂತಿದ್ದಾಗ ದೀಪ ಆರಿತು. ಬೀರುವಿನ ಹಿಂದೆ ಯಾರೋ ಉಸಿರಾಡಿದ ಹಾಗಾಯಿತು. ಆ ಉಸಿರು ನನ್ನದೇ ಎಂದು ತಿಳಿಯುವಷ್ಟು ಬುದ್ಧಿ ಆಗ ಉಳಿದಿರಲಿಲ್ಲ. ಎರಡೂ ಕೈ ಬೀಸಿದೆ, ದೀಪ ಬಂತು. ಅಂದಿನಿಂದ ಒಂದು ಕೈಯಲ್ಲಿ ನಕ್ಷೆ ಹಿಡಿದು, ಇನ್ನೊಂದನ್ನು ಆಡಿಸುತ್ತ, ಕಾಲು ಕುಣಿಸುತ್ತ, ತಲೆ ತೂಗುತ್ತ ಕೆಲಸ ಮಾಡತೊಡಗಿದೆ. ಒಂದು ಮಧ್ಯಾಹ್ನ ಅಟೆಂಡರ್ ಮಾದೇಶ ಬಾಗಿಲಲ್ಲಿ ನಿಂತು ನೋಡಿಬಿಟ್ಟ.

"ಸಾ, ಮೈಮ್ಯಾಲೆ ದ್ಯಾವ್ರು ಬಂದದಾ? ಕಾಯಿ ತರ್ಲಾ?" ಎಂದು ಮೆಲ್ಲಗೆ ಕೇಳಿದ.

ಸೊಂಟನೋವಿಗೆ ಡಾಕ್ಟರು ಹೇಳಿದ ವ್ಯಾಯಾಮ ಎಂದೆ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. ವಿಷಯ ಬಯಲಾದರೆ ನನ್ನ ಗತಿಯೇನು? ತಡವಾಗಿ ಬಂದವರು ನನ್ನನ್ನು ಕಂಡರೆ ಮೆಟ್ಟಿಲಲ್ಲೇ ತೊದಲುವಂಥ ಕಚೇರಿ ಅದು. ನಾಳೆ ಅದೇ ಮೆಟ್ಟಿಲ ಮೇಲೆ ನಿಂತು ನನ್ನತ್ತ ಎರಡೂ ಕೈ ಬೀಸುತ್ತಾರೆ. ಅದಕ್ಕೇ ಮುಂದಿನ ಸಭೆಯಲ್ಲಿ ಎದ್ದು, ರೆಕಾರ್ಡ್ ರೂಮಿಗೆ ದೀಪವೇ ಏಕೆ, ಪೂರ್ವದ ಗೋಡೆಗೊಂದು ದೊಡ್ಡ ಕಿಟಕಿ ಇಟ್ಟರೆ ಸೂರ್ಯನ ಬೆಳಕು ಪುಕ್ಕಟೆಯಲ್ಲವೇ ಎಂದೆ. ಮೇಡಂ ಕಣ್ಣರಳಿಸಿದರು. ಪರಿಸರದ ಬಗ್ಗೆ ಇಷ್ಟು ಕಾಳಜಿ ಇರುವವರು ನಮ್ಮಲ್ಲೇ ಇದ್ದಾರಲ್ಲ ಎಂದು ಹೊಗಳಿದರು. ನಾನು ತಲೆ ತಗ್ಗಿಸಿ ಹೊಗಳಿಕೆ ಸ್ವೀಕರಿಸುತ್ತಿರುವಾಗಲೇ ಆದೇಶವೂ ಆಯಿತು. ಯೋಜನೆ ಮೂರು ಊರುಗಳಿಗೆ ಸೇರಿದ್ದಂತೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಸಾರ್ವಜನಿಕ ಕಟ್ಟಡಗಳಲ್ಲಿರುವ ಕತ್ತಲೆ ಕೋಣೆಗಳನ್ನೆಲ್ಲ ಹುಡುಕಿ, ಬಾಗಿಲು ಹಾಕಿ, ದೀಪ ಆರಿಸಿ, ಹಗಲು ಬೆಳಕು ಎಷ್ಟಿದೆಯೆಂದು ನಾನೇ ಖುದ್ದಾಗಿ ನೋಡಿ ವರದಿ ಕೊಡಬೇಕು.

ಮೊದಲನೆಯದು ಹನೂರಿನ ಒಂದು ಹಳೆಯ ಗೋದಾಮು. ಬಸ್ಸು ಮಧುವನಹಳ್ಳಿ ದಾಟುವಾಗಲೇ ವಾಪಸು ಹೋಗಲು ನೆಪ ಹುಡುಕತೊಡಗಿದ್ದೆ. ಇಂಥ ಪರಿಶೀಲನೆಗೆ ಇಬ್ಬರಿರಬೇಕೆಂದು ನಿಯಮವಿದೆ ಎಂದು ಹೇಳಿ ಮಾದೇಶನನ್ನು ಕರೆತಂದಿದ್ದೆ. ನಿಯಮ ಮಾಡಿದವನೂ ನಾನೇ. ಒಳಗೆ ಹೋದಮೇಲೆ ಉರಿಯುತ್ತಿದ್ದ ಬಲ್ಬನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಮಾದೇಶ ಬಾಗಿಲು ಹಾಕಿ, ದೀಪ ಆರಿಸಿ, ಪಕ್ಕಕ್ಕೆ ಬಂದು ನಿಂತ. ಅವನಿಗೆ ತಿಳಿಯದಂತೆ ಅವನ ತೋಳು ಹಿಡಿಯಬೇಕೆಂದಿದ್ದೆ, ಆದರೆ ತಬ್ಬಿಕೊಂಡಿದ್ದೆ. ಮನೆದೇವರನ್ನು ನೆನೆದು, ದನಿ ಗಟ್ಟಿ ಮಾಡಿಕೊಂಡು, ಬೆಳಕಿನ ಸುಳಿವೇ ಇಲ್ಲ, ಹಾಗೆಂದೇ ಬರೆಯೋಣ, ಬೇಗ ದೀಪ ಹಾಕು ಎಂದೆ.

ಮಾದೇಶ ಮೆಲ್ಲಗೆ ನನ್ನ ಬೆನ್ನು ತಟ್ಟಿದ.

"ಕಿಟ್ಕಿಯಿಂದ ಚೆಂದಾಗಿ ಬಿಸ್ಲು ಬೀಳ್ತಾ ಅದೆ ಸಾ," ಎಂದ. "ವಸಿ ಕಣ್ ಬುಡಿ."