ಓ ಎನ್ನುವ ಹಕ್ಕು

ಇಡೀ ವಾಡಿ ಊರಿನಲ್ಲಿ ಯಾರ ಮಾತನ್ನೂ ಕೇಳದ ಏಕೈಕ ಮನುಷ್ಯರೆಂದರೆ ನಮ್ಮ ಕಾಕಾ. ಕಿವಿ ಮಾತ್ರ ಬಹಳ ಚುರುಕು! ಕಿವಿ ಮಂದವಾಗಿರುವುದು ಅವರ ಹೆಂಡತಿಗೆ, ಅಂದರೆ ನಮ್ಮ ಕಾಕುವಿಗೆ. ಆದರೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ಎತ್ತಿದವರಿಗೆ ಅಂದು ರೊಟ್ಟಿ ದಪ್ಪ, ಪಲ್ಯ ಸಪ್ಪೆ.

ರೈಲ್ವೆಯ ಸಿಗ್ನಲ್ ಖಾತೆಯಿಂದ ನಿವೃತ್ತರಾದ ಮೇಲೆ ಕಾಕಾ ಪ್ರೋಗ್ರಾಮಿಂಗ್ ಕಲಿತು, ಒಂದು ಡಬ್ಬಿ ಮಾಡಿ ಗೋಡೆಗೆ ಹಚ್ಚಿದರು. ಯಾರಾದರೂ ಬಾಗಿಲ ಗಂಟೆ ಒತ್ತಿದರೆ, ನಳಕ್ಕೆ ನೀರು ಬಂದರೆ ಡಬ್ಬಿ ತಕ್ಕ ಉತ್ತರ ಕೊಡಬೇಕು. ಕಂಪ್ಯೂಟರಿನವರು ಈ ಉತ್ತರಕ್ಕೆ ಕಾಲ್‌ಬ್ಯಾಕ್ ಎನ್ನುತ್ತಾರಂತೆ. ಕಾಕಾ ಒಪ್ಪಿಯಾರೆ? "ಯಾರರ ಕರದ್ರ ಏನಂತೀವಿ? ಓ ಅಂತೀವಿ. ಇದಕ್ಕೂ ಓ ಅನ್ರಿ, ಮುಗೀತು!"

ತೊಂದರೆಯೇನೆಂದರೆ, ಎಲ್ಲ 'ಓ'ಗಳನ್ನೂ ಕಾಕಾ ಪ್ರೋಗ್ರಾಮಿನೊಳಗೇ ಬರೆದು ಬೀಗ ಜಡಿದಿದ್ದರು. ನೀರು ಬಂದರೆ ಡಬ್ಬಿ, "ಜಲಾಗಮನವಾಗಿದೆ, ಕುಟುಂಬಸ್ಥರು ಗಮನಿಸಬೇಕು" ಎಂದು ಘೋಷಿಸುತ್ತಿತ್ತು. ಕುಟುಂಬಸ್ಥರು ಗಮನಿಸುವಷ್ಟರಲ್ಲಿ ನೀರು ಪಕ್ಕದೂರು ಶಹಾಬಾದ್ ಮುಟ್ಟಿರುತ್ತಿತ್ತು!

"ಕಾಕಾ, ಬರೇ 'ನೀರು ಬಂದಾವ' ಅನ್ನಂಗ ಮಾಡ್ರಿ" ಎಂದೆ.

"ಕೆಂಪು ದೀಪ ಕಂಡ್ರ ಗಾಡಿ ನಿಲ್ಲಬೇಕು. ಡ್ರೈವರನ ಇಷ್ಟ ಏನದ ಅಂತ ಕೇಳ್ತಾರೇನೋ ಮಂಗ್ಯಾ?"

ಹೀಗಿರಲು ಸೇಡಂನಿಂದ ಕಾಕುವಿನ ತಂಗಿ ಬಂದರು. ಮನೆಯಲ್ಲಿ ಕಾಕು ಒಬ್ಬರೇ. ತಂಗಿ ಗಂಟೆ ಒತ್ತಿದರು, ಡಬ್ಬಿ ಕೂಗಿತು, ಅಡುಗೆಮನೆಯಲ್ಲಿ ಕಾಕು ರೊಟ್ಟಿ ಬಡಿಯುತ್ತಲೇ ಇದ್ದರು. ಬಿಸಿಲಲ್ಲಿ ನಿಂತು ನಿಂತು ತಂಗಿ ಮುನಿಸಿಕೊಂಡು ಬಸ್ಸು ಹತ್ತಿದರು. ಸಂಜೆ ಫೋನಿನಲ್ಲಿ ಎಲ್ಲ ತಿಳಿದಾಗ ಕಾಕುವಿನ ಮುಖ ಸಣ್ಣದಾಯಿತು.

"ನಿಮ್ಮ ಡಬ್ಬಿ ಕೆಟ್ಟದರಿ" ಎಂದರು.

ಕಾಕಾರ ಯಂತ್ರಕ್ಕೆ ಇಂಥ ಮಾತೇ! ಕಾಕಾ ಕನ್ನಡಕ ತೆಗೆದು ಒರೆಸಿದರು.

"ಹೌದು. ಭಾಳ ಕೆಟ್ಟದ."

ಬೀಗ ಒಡೆಯಿತು. 'ಓ'ಗಳೆಲ್ಲ ಪ್ರೋಗ್ರಾಮಿನಿಂದ ಹೊರಬಿದ್ದು ಎಲ್ಲರ ಮೊಬೈಲಿಗೆ ಬಂದವು. ಯಾವ ಘಟನೆಗೆ ಯಾವ ಉತ್ತರ ಬೇಕೋ, ಸದ್ದೋ ದೀಪವೋ, ಅವರವರೇ ಆರಿಸಿಕೊಳ್ಳಬಹುದು! ನಾನು ನಾಯಿ ಬೊಗಳುವುದನ್ನು ಹಾಕಿದೆ, ಕಾಕಾರ ಸೊಸೆ ಬ್ಯಾಂಡ್ ಬಾಜಾ ಹಾಕಿದಳು. ಹಾಲಿನವನು ಗಂಟೆ ಒತ್ತಿದರೆ ಒಳಗೆ ನಾಯಿಗಳ ಮದುವೆ!

"ಇದು ಮನಿಯೋ, ಸಂತ್ಯೋ?" ಎಂದು ಕಾಕಾ ಗೊಣಗಿದರೂ ಯಾರ 'ಓ'ವನ್ನೂ ಮುಟ್ಟಲಿಲ್ಲ. ಕಾಕುವಿನ ಕೈಗೆ ಮೊಬೈಲ್ ಕೊಟ್ಟು, "ನಿನಗ ಬೇಕಾದ್ದು ಒತ್ತು, ನಾ ನೋಡಂಗಿಲ್ಲ" ಎಂದು ಗೋಡೆಯ ಕಡೆ ತಿರುಗಿ ಕೂತರು.

ಮೊನ್ನೆ ನಾನು ಅಡುಗೆಮನೆಯಲ್ಲಿದ್ದೆ. ಒಲೆಯ ಮೇಲ್ಗಡೆ ಗೋಡೆಗೆ ಹೊಸದಾಗಿ ಬಂದಿದ್ದ ಪುಟ್ಟ ದೀಪ ಹಸಿರಾಗಿ ಮಿನುಗಿತು. ಬಾಗಿಲಲ್ಲಿ ಯಾರೂ ಇಲ್ಲ. ಇಣುಕಿ ನೋಡಿದರೆ, ಪಡಸಾಲೆಯಲ್ಲಿ ಕಾಕಾ ತಮ್ಮ ಕುರ್ಚಿಯ ಪಕ್ಕದ ಗುಂಡಿಯೊಂದನ್ನು ಒತ್ತಿ ಏನೂ ಅರಿಯದವರಂತೆ ಕೂತಿದ್ದರು.

"ಹಸಿರು ದೀಪಾನೇ ಯಾಕ ಆರಿಸಿದ್ರಿ ಕಾಕು?" ಎಂದು ಅವರ ಕಿವಿಯ ಬಳಿ ಕೇಳಿದೆ.

"ಜನ್ಮ ಪೂರ್ತಿ ಹೋಗೋ ಗಾಡಿಗೇ ಹಸಿರು ತೋರಿಸ್ಯಾರ. ನನಗೂ ಒಂದೀಟು ತೋರಿಸ್ಲಿ ಬಿಡು" ಎನ್ನುತ್ತ ಕಾಕು ಹಿಟ್ಟಿನ ಕೈಯಲ್ಲೇ ಎದ್ದರು. "ಓ... ಬಂದೆ ರೀ!"